ಡಾಕ್ಟರ್ ಹಾಕಿದ ಪ್ರಶ್ನಾರ್ಥಕ ಚಿಹ್ನೆಗೆ ಕೋಡ್ ಇಲ್ಲ

ಮಾನ್ಯ ಸಂಪಾದಕರೇ,

ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಜಾಸ್ತಿ ಇರುವ ತೊಂದರೆ) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅಮೆರಿಕದಲ್ಲಿ ಮಗು ಒಂದು ಕಡೆ ಕೂರುವುದಿಲ್ಲ ಅಂದರೆ ಸಾಕು, ಒಂದು ಫಾರ್ಮ್ ತುಂಬಿಸಿ, ಕಾಯಿಲೆಯ ಕೋಡ್ ಹಾಕಿ, ಇನ್ಶೂರೆನ್ಸ್‌ಗೆ ಬಿಲ್ ಕಳಿಸಿಬಿಡುತ್ತಾರೆ ಅನ್ನೋ ಧಾಟಿ ಅದರಲ್ಲಿತ್ತು. ಅಲ್ಲಿನ ಚಾರ್ಟ್‌ಗಳನ್ನು, ಅಂದರೆ ರೋಗಿಗಳ ದಾಖಲೆಗಳನ್ನು, ಓದಿ ಕೋಡ್ ಹಾಕುವುದೇ ನನ್ನ ಕೆಲಸ. ಲೇಖಕರ ಸಿಟ್ಟು ಪೂರ್ತಿ ತಪ್ಪಲ್ಲ. ಆದರೆ ಅವರು ಎರಡು ಬೇರೆ ಬೇರೆ ಕೋಡ್‌ಗಳನ್ನು ಒಂದೇ ಅಂದುಕೊಂಡಿದ್ದಾರೆ.

ಫಾರ್ಮ್ ತುಂಬಿಸಿ, ಅಂಕ ಲೆಕ್ಕ ಹಾಕಿ ಬರೆದಿಟ್ಟಿದ್ದಕ್ಕೆ ಇರುವ ಕೋಡ್ 96127. ಇದು ಸಿಪಿಟಿ ಕೋಡ್, ಅಂದರೆ ಮಾಡಿದ ಕೆಲಸಕ್ಕೆ ದುಡ್ಡು ಕೇಳುವ ಕೋಡ್. ಅದರ ವಿವರಣೆಯಲ್ಲಿ ಉದಾಹರಣೆಗೆ ಅಂತ ಎಡಿಎಚ್‌ಡಿ ಹೆಸರಿದೆ, ಬಿಲ್ಲಿನಲ್ಲಿ ಅದನ್ನು ನೋಡಿ ಅಪ್ಪ ಅಮ್ಮ ಗಾಬರಿ ಬೀಳುತ್ತಾರೆ. ಫಾರ್ಮಿನಲ್ಲಿ ಏನೂ ಸಿಗದಿದ್ದರೂ ಅದೇ ಕೋಡ್ ಸ್ವಾಮಿ! ಕಾಯಿಲೆ ಇದೆ ಅಂತ ಹೇಳುವುದು ಇನ್ನೊಂದು ಪಟ್ಟಿ, ಐಸಿಡಿ-10-ಸಿಎಂ. ಅದರಲ್ಲಿ ಗಮನ ನಿಲ್ಲದ ಬಗೆಗೆ ಎಫ್90.0, ಚಡಪಡಿಕೆ ಜಾಸ್ತಿ ಇರುವ ಬಗೆಗೆ ಎಫ್90.1, ಎರಡೂ ಸೇರಿದ್ದರೆ ಎಫ್90.2. ಡಾಕ್ಟರ್ ಬಗೆ ಹೇಳದೆ ಬರೀ ಎಡಿಎಚ್‌ಡಿ ಅಂತ ಗೀಚಿದ್ದರೆ ಎಫ್90.9. ಊಹೆ ಮಾಡಿ ಒಳ್ಳೆ ಕೋಡ್ ಹಾಕುವ ಅಧಿಕಾರ ನಮಗಿಲ್ಲ.

ತಪ್ಪಾಗುವುದು ಇದಕ್ಕೂ ಮುಂಚೆ. ಎಷ್ಟೋ ಚಾರ್ಟ್‌ಗಳ ಕೊನೆಯಲ್ಲಿ ಡಾಕ್ಟರ್ 'ಎಡಿಎಚ್‌ಡಿ?' ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿರುತ್ತಾರೆ, ಇಲ್ಲವೇ 'ರೂಲ್ ಔಟ್' (ಇದೆಯೋ ಇಲ್ಲವೋ ನೋಡಬೇಕು) ಅಂತ ಬರೆದಿರುತ್ತಾರೆ. ಅವರು ಹಾಗೆ ಬರೆಯುವುದೂ ಸರಿಯೇ. ಮಾನಸಿಕ ತೊಂದರೆಗಳನ್ನು ಗುರುತಿಸಲು ಅಲ್ಲಿನ ಡಾಕ್ಟರುಗಳು ಬಳಸುವ ಡಿಎಸ್ಎಂ-5 ಕೈಪಿಡಿಯ ಪ್ರಕಾರ ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಟೀಚರ್ ಫಾರ್ಮ್ ಇನ್ನೂ ಬಂದೇ ಇಲ್ಲ ಅಂದಮೇಲೆ ಡಾಕ್ಟರ್ ಮೊದಲ ದಿನವೇ ಏನು ಹೇಳಿಯಾರು? ಹೊರರೋಗಿಗಳ ಕೋಡಿಂಗ್ ನಿಯಮ ಈ ವಿಷಯದಲ್ಲಿ ಖಡಾಖಂಡಿತ: ಅನುಮಾನವನ್ನು ಕಾಯಿಲೆ ಅಂತ ಕೋಡ್ ಮಾಡುವಂತಿಲ್ಲ, ಕಂಡ ಲಕ್ಷಣವನ್ನು ಮಾತ್ರ ಕೋಡ್ ಮಾಡಬೇಕು. ಗಮನ ಕೊಡಲು ಕಷ್ಟ ಅನ್ನುವುದಕ್ಕೆ ಆರ್41.840 ಇದೆ. ಎಡಿಎಚ್‌ಡಿ ಖಚಿತವಾದ ದಿನ ಅದು ಹೋಗಿ ಎಫ್90 ಬರುತ್ತದೆ, ಎರಡನ್ನೂ ಜೊತೆಗೆ ಹಾಕುವ ಹಾಗಿಲ್ಲ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಇಂಥದ್ದೇ ಚಾರ್ಟ್ ಬಂತು. ಆರ್ ಕೋಡ್ ಹಾಕಿದೆ. ಮೇಲಿನವರು ಬಂದು ನನ್ನ ಸ್ಕ್ರೀನ್ ಬಗ್ಗಿ ನೋಡಿ, "ಎಫ್90.9 ಹಾಕ್ಬಿಡು, ಕ್ಲೇಮ್ ಡಿನೈ ಆಗೋದು ತಪ್ಪುತ್ತೆ" ಅಂದರು. ಅವತ್ತಿನ ಟಾರ್ಗೆಟ್ ಬೇರೆ ಬಾಕಿ ಇತ್ತು. ನಾನು ಹಾಕದೆ ಡಾಕ್ಟರಿಗೆ ಕ್ವೆರಿ ಕಳಿಸಿದೆ. ನಾಲ್ಕು ದಿನ ಆದಮೇಲೆ ಉತ್ತರ ಬಂತು, 'ಇನ್ನೂ ನೋಡುತ್ತಿದ್ದೇವೆ' ಅಂತ, ಅಷ್ಟೇ. ನನ್ನ ಕೋಡ್ ಹಾಗೇ ಉಳಿಯಿತು, ಮೇಲಿನವರು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದರು. ಅವರು ಹೇಳಿದ್ದನ್ನು ಕೇಳಿದ್ದರೆ? ಮುಂದಿನ ಡಾಕ್ಟರ್ ದಾಖಲೆ ತೆಗೆದು ನೋಡಿ 'ಎಡಿಎಚ್‌ಡಿ, ಹಿಂದಿನಿಂದ ಇದೆ' ಅಂತ ನಕಲು ಮಾಡುತ್ತಿದ್ದರು, ಅವರ ನಂತರದವರು ಅದನ್ನೇ. ಯಾರೂ ಪತ್ತೆ ಮಾಡದ ಕಾಯಿಲೆ ಹಾಗೆ ಆ ಮಗುವಿನ ಬೆನ್ನು ಹತ್ತುತ್ತಿತ್ತು.

ಅಂದಹಾಗೆ, ಲೇಖನದಲ್ಲಿ ಎಡಿಎಚ್‌ಡಿಯದು ಮಕ್ಕಳ ಕೋಡ್ ಅಂತ ಬರೆದಿದ್ದಾರೆ. ಅಲ್ಲ. ಎಫ್90ರಿಂದ ಎಫ್98ರವರೆಗಿನ ಕೋಡ್‌ಗಳನ್ನು ಯಾವ ವಯಸ್ಸಿನವರಿಗೂ ಬಳಸಬಹುದು ಅಂತ ಪುಸ್ತಕದಲ್ಲೇ ಇದೆ. ದೊಡ್ಡವರಾದ ಮೇಲೆ ಮೊದಲ ಸಲ ಪತ್ತೆಯಾಗುವವರು ಬೇಕಾದಷ್ಟು ಜನ ಇದ್ದಾರೆ.

ನಿಮ್ಮ ಓದುಗರಲ್ಲಿ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿರುವವರು ಇದ್ದಾರಲ್ವಾ, ಅವರಿಗೆ ಒಂದು ಮಾತು. ಡಯಾಗ್ನೋಸಿಸ್ ಕೋಡ್ ಇರುವ ಬಿಲ್ ಕೇಳಿ ತೆಗೆದುಕೊಳ್ಳಲು ಹೇಳಿ. ಡಾಕ್ಟರ್ 'ನೋಡೋಣ' ಅಂದಿದ್ದು, ಬಿಲ್ಲಿನಲ್ಲಿ ಎಫ್90 ಕಂಡರೆ, ದಾಖಲೆ ತಿದ್ದಿ ಅಂತ ಬರೆದು ಕೊಡಬಹುದು. ರೋಗಿಗಳ ದಾಖಲೆಗಳ ಬಗ್ಗೆ ಅಲ್ಲಿರುವ ಹಿಪಾ ಕಾನೂನಿನ ನಿಯಮದ ಪ್ರಕಾರ ಸಾಮಾನ್ಯವಾಗಿ 60 ದಿನದೊಳಗೆ ಅವರು ಉತ್ತರ ಕೊಡಬೇಕು. ತಿದ್ದುವುದಿಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲೇ ತಿಳಿಸಬೇಕು, ಆಗ ನಿಮ್ಮ ತಕರಾರನ್ನೂ ಆ ದಾಖಲೆಗೆ ಸೇರಿಸಿಡಿ ಅಂತ ಕೇಳಬಹುದು.

ಇಂತಿ,
ಒಬ್ಬ ಮೆಡಿಕಲ್ ಕೋಡರ್