ಶನಿವಾರ ಸಂಜೆಯ ಲೆಕ್ಕ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ಕಳೆದ ತಿಂಗಳು ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿದ್ದರು. ಗುಡಿ, ಮಸೀದಿ, ಚರ್ಚುಗಳಲ್ಲಿ ಜನ ತುಂಬಿ ತುಳುಕುತ್ತಿದ್ದರೂ ಕೊಡುಕೊಳ್ಳುವ ವ್ಯವಹಾರದಲ್ಲಿ ನಂಬಿಗಸ್ತಿಕೆ ಏಕೆ ಕಾಣುತ್ತಿಲ್ಲ ಎಂಬುದು ಅವರ ಅಳಲು. ಎಲ್ಲರ ಪರವಾಗಿ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಬೆಟಗೇರಿಯ ಕ್ರೈಸ್ತ ಕುಟುಂಬವೊಂದರಲ್ಲಿ ಹುಟ್ಟಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿ, ಈಗ ಪ್ರತಿ ಗುರುವಾರ ಸಂಜೆ ಐದಾರು ಮನೆಗಳವರೊಡನೆ ಕುಳಿತು ಸತ್ಯವೇದ, ಅಂದರೆ ಬೈಬಲ್, ಓದುವವನು ನಾನು. ನನ್ನ ಮನೆ ಮತ್ತು ನನ್ನ ಸಭೆಯ, ಅಂದರೆ ನಮ್ಮ ಚರ್ಚಿನ, ಮಟ್ಟಿಗೆ ಕಂಡುಕೊಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಭೆಯಲ್ಲಿ ತಿಂಗಳಿಗೊಮ್ಮೆ, ಯೇಸುಸ್ವಾಮಿ ಶಿಷ್ಯರೊಡನೆ ಮಾಡಿದ ಕಡೆಯ ಊಟವನ್ನು ನೆನೆಯುವ ಕರ್ತನ ಭೋಜನದ ಆರಾಧನೆ ನಡೆಯುತ್ತದೆ. ರೊಟ್ಟಿ ಮತ್ತು ಪಾತ್ರೆಯನ್ನು ತೆಗೆದುಕೊಳ್ಳುವ ಮೊದಲು ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂಬ, ಮೊದಲನೆಯ ಶತಮಾನದ ಕ್ರೈಸ್ತ ಬೋಧಕ ಪೌಲನ ಮಾತನ್ನು ಸಭಾಪಾಲಕರು ಓದುತ್ತಾರೆ. ಬಳಿಕ ಎಲ್ಲರೂ ಒಟ್ಟಾಗಿ ಪಾಪದ ಅರಿಕೆಯನ್ನು ಹೇಳುತ್ತೇವೆ. ಆ ಪ್ರಾರ್ಥನೆಯ ಮಾತುಗಳಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಕನ್ನಡ ಮೇಷ್ಟ್ರಾಗಿದ್ದ ನನಗೆ ವರ್ಷಗಟ್ಟಲೆ ಹೊಳೆಯದೇ ಇದ್ದ ಸಂಗತಿಯೊಂದು ಈಚೆಗೆ ಹೊಳೆಯಿತು: ‘ನಾವು ಪಾಪ ಮಾಡಿದ್ದೇವೆ’ ಎಂಬ ಬಹುವಚನದ ಹಿಂದೆ ‘ನಾನು’ ಎಂಬ ಏಕವಚನ ಬಹಳ ಸುಲಭವಾಗಿ ಅಡಗಿಕೊಂಡುಬಿಡುತ್ತದೆ. ಇಡೀ ಸಭೆ ಏಕಕಂಠದಿಂದ ಹೇಳುವಾಗ ಯಾರೂ ಯಾವ ತಪ್ಪಿನ ಹೆಸರನ್ನೂ ಹೇಳಬೇಕಾಗುವುದಿಲ್ಲ, ಒಂದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ, ಮನಸ್ಸು ಹಗುರಾದಂತೆಯೂ ಅನಿಸುತ್ತದೆ.

ಪೌಲನು ಆ ಮಾತನ್ನು ಬರೆದ ಸಂದರ್ಭವನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ 28ನೆಯ ವಚನಕ್ಕಿಂತ ಮೊದಲು 20ರಿಂದ 22ರ ವರೆಗಿನ ವಚನಗಳಿವೆ. ಕೊರಿಂಥದ ಸಭೆಯವರು ಕರ್ತನ ಹೆಸರಿನಲ್ಲಿ ಊಟಕ್ಕೆ ಕೂಡುತ್ತಿದ್ದರು, ಆದರೆ ಉಳ್ಳವರು ತಾವು ತಂದದ್ದನ್ನು ಮೊದಲೇ ಉಂಡು ಮುಗಿಸುತ್ತಿದ್ದರು. ಒಬ್ಬನು ಹಸಿದಿರುತ್ತಿದ್ದನು, ಇನ್ನೊಬ್ಬನು ಅಮಲೇರಿ ಕುಳಿತಿರುತ್ತಿದ್ದನು. ಏನೂ ಇಲ್ಲದವರನ್ನು ನೀವು ನಾಚಿಕೆಪಡಿಸುತ್ತೀರಾ ಎಂದು ಪೌಲನು ಸಿಟ್ಟಿನಿಂದ ಕೇಳುತ್ತಾನೆ. ನಿಮ್ಮನ್ನು ಪರೀಕ್ಷಿಸಿಕೊಳ್ಳಿ ಎಂಬ ಬುದ್ಧಿವಾದ ಬರುವುದು ಈ ಪ್ರಶ್ನೆಯ ಬೆನ್ನಿಗೆ. ಹಾಗಾದರೆ ಆ ಪರೀಕ್ಷೆಯ ಮೊದಲ ವಿಷಯ ಪಕ್ಕದಲ್ಲಿ ಕುಳಿತವನ ಹಸಿವು. ಕಣ್ಣು ಮುಚ್ಚಿಕೊಂಡು ಎದೆಯೊಳಗೆ ಇಣುಕಿದ ಮಾತ್ರಕ್ಕೆ ಅದಕ್ಕೆ ಉತ್ತರ ಸಿಗುವುದಿಲ್ಲ; ಕಣ್ಣು ತೆರೆದು ಬಲಕ್ಕೂ ಎಡಕ್ಕೂ ನೋಡಬೇಕಾಗುತ್ತದೆ.

ಇದು ನನಗೆ ಪಾಂಡಿತ್ಯದಿಂದ ತಿಳಿದದ್ದಲ್ಲ. ನಮಗೆ ಊರ ಹೊರಗೆ ಮೂರು ಎಕರೆ ಹೊಲವಿದೆ. ಮೂರು ವರ್ಷಗಳ ಹಿಂದೆ ಉಳ್ಳಾಗಡ್ಡಿ ಹಾಕಿಸಿದ್ದೆ. ಕೀಳಲು, ಕೊಯ್ದು ಚೀಲ ತುಂಬಲು ಒಂಬತ್ತು ಜನ ಹೆಣ್ಣಾಳುಗಳು ನಾಲ್ಕು ದಿನ ದುಡಿದರು. ಅಷ್ಟರಲ್ಲಿ ಪೇಟೆಯಲ್ಲಿ ದರ ಬಿತ್ತು. ಮಾಲು ಹೋದ ಮೇಲೆ ಕೂಲಿ ಕೊಡುತ್ತೇನೆ ಎಂದು ಅವರಿಗೆ ಹೇಳಿ ಕಳುಹಿಸಿದೆ. ನನ್ನ ಪಿಂಚಣಿಯ ಹಣ ಬ್ಯಾಂಕಿನಲ್ಲಿ ಇದ್ದೇ ಇತ್ತು, ಆದರೆ ಹೊಲದ ಖರ್ಚು ಹೊಲದ ಉತ್ಪನ್ನದಿಂದಲೇ ಹೋಗಬೇಕೆಂಬುದು ನಾನೇ ಮಾಡಿಕೊಂಡ ಲೆಕ್ಕವಾಗಿತ್ತು. ಮೂರು ವಾರ ಕಳೆದವು. ಆ ಮೂರು ವಾರಗಳ ನಡುವೆ ಒಂದು ರವಿವಾರ ನಾನು ಪಾಪದ ಅರಿಕೆಯನ್ನು ಗಟ್ಟಿಯಾಗಿ ಹೇಳಿ, ಮೊಣಕಾಲೂರಿ, ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಂಡೆ. ಒಂಬತ್ತು ಜನರ ಮುಖಗಳಲ್ಲಿ ಒಂದೂ ನನ್ನ ಕಣ್ಣ ಮುಂದೆ ಬರಲಿಲ್ಲ.

ಆಗ ನಮ್ಮ ಗುರುವಾರದ ಓದಿನಲ್ಲಿ ಯಾಕೋಬನ ಪತ್ರಿಕೆ ನಡೆದಿತ್ತು. ನಾವು ಪುಸ್ತಕವನ್ನು ಮೊದಲಿನಿಂದ ಕೊನೆಯ ವರೆಗೆ ಬಿಡದೆ ಓದುತ್ತೇವೆ, ವಾರಕ್ಕೆ ಒಂದು ಅಧ್ಯಾಯ. ಆ ವಾರ 5ನೆಯ ಅಧ್ಯಾಯ ಬಂತು. ಹೊಲ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂಬ 4ನೆಯ ವಚನವನ್ನು ಓದಿದ ಮೇಲೆ, ನಾನು ಮೊದಲನೆಯ ಶತಮಾನದ ಭೂಮಾಲೀಕರ ಬಗ್ಗೆ ವಿವರಣೆ ಶುರು ಮಾಡಿದೆ. ಮಗ್ಗದ ಮಜೂರಿಯಲ್ಲಿ ಜೀವನ ಸವೆಸಿದ ಹಿರಿಯ ತಾಯಿಯೊಬ್ಬರು ನಡುವೆ ತಡೆದು, “ಸರ್, ಇದು ಆಗಿನವರಿಗಷ್ಟ ಬರದದ್ದೇನ್ರೀ?” ಎಂದು ಕೇಳಿದರು. ಅವರಿಗೆ ನನ್ನ ಹೊಲದ ಸಂಗತಿ ಗೊತ್ತಿರಲಿಲ್ಲ. ನನ್ನ ಮಾತು ಅಲ್ಲಿಗೇ ನಿಂತಿತು.

ಮರುದಿನ ಬೆಳಗ್ಗೆ ಹಣ ತೆಗೆದುಕೊಂಡು ಅವರ ಓಣಿಗೆ ಹೋದೆ. ಒಬ್ಬಾಕೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಮಾಡಿ ಮಕ್ಕಳಿಗೆ ಉಣ್ಣಿಸಿದ್ದಳು. ಇನ್ನೊಬ್ಬಾಕೆ ಸಂಘದ ಕಂತು ತಪ್ಪಿಸಿ ಎಲ್ಲರ ಮುಂದೆ ಮಾತು ಕೇಳಿಸಿಕೊಂಡಿದ್ದಳು. ಆಕೆ ಹಣವನ್ನು ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡು, “ನಿಮ್ಮ ಪಗಾರ ಮೂರು ವಾರ ತಡಾ ಆಗಿದ್ರ ನೀವು ಸುಮ್ಮನಿರತಿದ್ರೇನ್ರೀ ಸರ್?” ಎಂದಳು. ತಡವಾದದ್ದಕ್ಕೆ ಮೇಲೆ ಏನಾದರೂ ಕೊಡಲು ಹೋದರೆ ಆಕೆ ತೆಗೆದುಕೊಳ್ಳಲಿಲ್ಲ. ತಾನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದ, ಯೇಸುವನ್ನು ನೋಡಲು ಮರ ಹತ್ತಿದ್ದ ಸುಂಕದವನಾದ ಜಕ್ಕಾಯನ ಕಥೆಯನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟೋ ಸಾರಿ ಹೇಳಿದವನು ನಾನು. ಆ ಓಣಿಯಲ್ಲಿ ನಿಂತಾಗ, ಆತನು ಮರದಿಂದ ಇಳಿದದ್ದಕ್ಕಿಂತ ತನ್ನ ಲೆಕ್ಕದ ಪುಸ್ತಕ ತೆರೆದದ್ದು ಎಷ್ಟು ಕಷ್ಟದ ಕೆಲಸವಾಗಿದ್ದಿರಬೇಕೆಂದು ತಿಳಿಯಿತು.

ಅನಂತರ ಮನೆಗೆ ಬಂದು ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೆಗೆದೆ. ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸಬೇಕು ಎಂಬ ಮಾತನ್ನು ಯೇಸುಸ್ವಾಮಿ ಎರಡನೆಯ ಮುಖ್ಯ ಆಜ್ಞೆ ಎಂದು ಕರೆದರು. ಅದು ಆ ಅಧ್ಯಾಯದ 18ನೆಯ ವಚನ. ಅದಕ್ಕೆ ಐದು ವಚನ ಮೊದಲೇ, ಕೂಲಿಯವನ ಕೂಲಿಯನ್ನು ರಾತ್ರಿ ಕಳೆದು ಬೆಳಗಾಗುವ ವರೆಗೆ ನಿನ್ನ ಬಳಿ ಇಟ್ಟುಕೊಳ್ಳಬಾರದು ಎಂದಿದೆ. ಸುಗ್ಗಿಯಲ್ಲಿ ಹೊಲದ ಮೂಲೆಯನ್ನೂ ಹಕ್ಕಲನ್ನೂ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಅದೇ ಅಧ್ಯಾಯದಲ್ಲಿದೆ, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕೆಂಬುದೂ ಅಲ್ಲಿಯೇ ಇದೆ. ಪ್ರೀತಿ ಎಂಬ ದೊಡ್ಡ ಮಾತು ಅಲ್ಲಿ ಕೂಲಿ, ಹಕ್ಕಲು, ತಕ್ಕಡಿಗಳ ನಡುವೆ ಕುಳಿತಿದೆ. ನಾವು ಅದೊಂದು ವಚನವನ್ನು ಮಾತ್ರ ಬಿಡಿಸಿಕೊಂಡು ಗೋಡೆಗೆ ತೂಗುಹಾಕಿಕೊಂಡಿದ್ದೇವೆ.

ಆದಕಾರಣ ನಮ್ಮ ಸಭೆಗಳಲ್ಲಿ ಸತ್ಯವೇದವನ್ನು ಕಲಿಸುವ ರೀತಿಯ ಬಗ್ಗೆ ನನಗೆ ಚಿಂತೆಯಿದೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ವಾಗ್ದಾನದ ಕಾರ್ಡು, ಅಂದರೆ ದೇವರ ಭರವಸೆಯ ಒಂದು ವಚನ ಬರೆದ ಚೀಟಿ, ಎತ್ತಿಕೊಳ್ಳುವ ಪದ್ಧತಿ ಹಲವೆಡೆ ಇದೆ. ಕಷ್ಟದಲ್ಲಿರುವವರಿಗೆ ಆ ಒಂದು ವಚನ ವರ್ಷವಿಡೀ ಊರುಗೋಲಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಹಗುರಾಗಿ ಕಾಣಲಾರೆ. ಆದರೆ ಆ ತಟ್ಟೆಯಲ್ಲಿ ಕೂಲಿಯ ವಚನ ಯಾರಿಗೂ ಎಂದೂ ಬರುವುದಿಲ್ಲ. ಸಮಾಧಾನ ಹೇಳುವ ವಚನಗಳೂ ತಮ್ಮ ನೆಲೆಯನ್ನು ಬಿಟ್ಟು ಬಂದಿರುತ್ತವೆ. ದೇವರು ನಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವ ಆಲೋಚನೆ ಮಾಡಿದ್ದಾನೆಂಬ ಯೆರೆಮೀಯ 29:11 ಎಷ್ಟೋ ಮನೆಗಳ ಬಾಗಿಲ ಮೇಲಿದೆ. ಅದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿಯು ಬರೆದ ಕಾಗದದ ಒಂದು ಸಾಲು. ಹಿಂದಿನ ವಚನದಲ್ಲಿಯೇ, ನೀವು ಊರಿಗೆ ಮರಳಲು 70 ವರ್ಷ ತುಂಬಬೇಕು ಎಂದಿದೆ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆಂದು ಹನನ್ಯನೆಂಬವನು ಸಾರಿದ್ದನು, ಜನರಿಗೆ ಅದೇ ಹಿತವಾಗಿತ್ತು. ಯೆರೆಮೀಯನು ಅದನ್ನು ಸುಳ್ಳೆಂದನು. ಮನೆ ಕಟ್ಟಿರಿ, ತೋಟ ಮಾಡಿರಿ, ನೀವು ಸೆರೆಯಾಗಿ ಬಂದಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಶ್ರಮಿಸಿ ಪ್ರಾರ್ಥಿಸಿರಿ ಎಂಬುದು ಆ ಕಾಗದದ ಆದೇಶ. ಇಡೀ ಕಾಗದವನ್ನು ಓದಿದವನು ನೆರೆಹೊರೆಯ ಕ್ಷೇಮಕ್ಕೆ ತಾನೇನು ಮಾಡಿದ್ದೇನೆಂದು ಕೇಳಿಕೊಳ್ಳದೆ ಆ ವಾಗ್ದಾನವನ್ನು ಹಿಡಿಯಲಾರನು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿ, ಬಳಿಕ ನಮ್ಮ ಬೆಟಗೇರಿಗೂ ಬಂತು. ಶಾಲೆಗಳು, ಜನ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಆಸ್ಪತ್ರೆ, 1853ರಲ್ಲಿ ಈ ನಾಡಿಗೆ ಬಂದ ಕಿಟ್ಟೆಲರು 1894ರಲ್ಲಿ ಹೊರತಂದ ನಿಘಂಟು, ಇವನ್ನೆಲ್ಲ ಪ್ರತಿಯೊಂದು ವಾರ್ಷಿಕೋತ್ಸವದಲ್ಲಿ ನೆನೆದು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೂ ಹೌದು. ಆದರೆ ಆ ನಿಘಂಟಿನ ಬೆಲೆ ಎಲ್ಲಿದೆ? ಒಂದು ಪದದ ಅರ್ಥಕ್ಕಾಗಿ ಕಿಟ್ಟೆಲರು ಕಾವ್ಯದ ಪ್ರಯೋಗವನ್ನೂ ಜನರ ಗಾದೆಯನ್ನೂ ಪಕ್ಕದಲ್ಲಿಟ್ಟು ನೋಡಿದರು. ಪದವನ್ನು ಅದರ ಬಳಕೆಯಿಂದ ಕಿತ್ತು ನೋಡಲಿಲ್ಲ. ಆ ತಾಳ್ಮೆಯನ್ನು ನಾವು ದೇವರ ವಾಕ್ಯದ ಓದಿಗೆ ತಂದರೆ ಅದೇ ಅವರಿಗೆ ಸಲ್ಲುವ ಗೌರವವೆಂದು ನನ್ನ ನಂಬಿಕೆ.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕರ್ತನ ಭೋಜನದ ಹಿಂದಿನ ಶನಿವಾರ ಸಂಜೆ ಆಕೆ ದೀಪ ಹಚ್ಚಿದ ಮೇಲೆ ಓಣಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದಳು. ಕಡ ತಂದ ಬಟ್ಟಲು ಜೋಳ ತಿರುಗಿ ಕೊಟ್ಟು, ನೀರಿನ ಸರದಿಯಲ್ಲಿ ಯಾರ ಜೊತೆ ಜಗಳವಾಗಿತ್ತೋ ಅವರ ಬಾಗಿಲಲ್ಲಿ ನಿಂತು ಎರಡು ಮಾತಾಡಿ ಬರುತ್ತಿದ್ದಳು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯ 5ನೆಯ ಅಧ್ಯಾಯದ ಮಾತನ್ನು ಆಕೆ ಪ್ರಸಂಗದಲ್ಲಿ ಕೇಳಿದ್ದಳು, ಕೇಳಿದ್ದನ್ನು ನಡೆದು ತೀರಿಸುತ್ತಿದ್ದಳು. ಆ ಸುತ್ತಿಗೆ ಆಕೆ ಆತ್ಮಪರಿಶೀಲನೆ ಎಂದು ಹೆಸರಿಟ್ಟಿರಲಿಲ್ಲ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ತೊಂದರೆಯೂ ಇದೆ. ತಾನು ಅಯೋಗ್ಯಳೆಂದು ಹೆದರಿ ವರ್ಷಗಳಿಂದ ಕರ್ತನ ಭೋಜನಕ್ಕೆ ಬಾರದೆ ಹಿಂದಿನ ಸಾಲಿನಲ್ಲಿ ಕುಳಿತುಬಿಡುವ ತಾಯಂದಿರನ್ನು ನಾನು ಬಲ್ಲೆ. ಅವರಿಗೆ ನಾನು ವ್ಯಾಕರಣವನ್ನೇ ಹೇಳುತ್ತೇನೆ. ಪೌಲನು ‘ಅಯೋಗ್ಯವಾಗಿ’ ತಿನ್ನುವುದನ್ನು ಖಂಡಿಸಿದ್ದಾನೆ, ‘ಅಯೋಗ್ಯರು’ ತಿನ್ನಬಾರದೆಂದು ಹೇಳಿಲ್ಲ. ಮೂಲ ಗ್ರೀಕಿನಲ್ಲಿಯೂ ಅದು ಕ್ರಿಯಾವಿಶೇಷಣ, ತಿನ್ನುವ ರೀತಿಯನ್ನು ಹೇಳುವ ಪದ. ಪರೀಕ್ಷಿಸಿಕೊಂಡು ದೂರ ಉಳಿಯಲಿ ಎಂದು ಆತನು ಬರೆಯಲಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಎಂದನು. ನಮ್ಮ ಹೃದಯವು ನಮ್ಮನ್ನು ದೋಷಿಯೆಂದು ನಿರ್ಣಯಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನೆಂದು ಯೋಹಾನನು ಬರೆಯುತ್ತಾನೆ. ಕ್ಷಮೆಯ ಭರವಸೆ ಇರುವುದರಿಂದಲೇ ಲೆಕ್ಕವನ್ನು ತೆರೆಯುವ ಧೈರ್ಯ ಬರುತ್ತದೆ. ಅದಿಲ್ಲದಿದ್ದರೆ ನನ್ನಂಥವನು ಆ ಓಣಿಗೆ ಹೋಗುತ್ತಲೇ ಇರಲಿಲ್ಲ.

ಗದಗ, ಹುಬ್ಬಳ್ಳಿ-ಧಾರವಾಡ, ಹಾವೇರಿಯ ಸಭೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಕರ್ತನ ಭೋಜನದ ಹಿಂದಿನ ಶನಿವಾರ ಸಂಜೆ ಅರ್ಧ ತಾಸು ಸಭೆ ಕೂಡಲಿ, ಹಾಡು ಒಂದೇ ಇರಲಿ, ಪ್ರಸಂಗ ಬೇಡ. ಸತ್ಯವೇದದ ಒಂದು ಇಡೀ ಅಧ್ಯಾಯವನ್ನು ನಿಧಾನವಾಗಿ ಓದಿ, ಯಾರ ಕೂಲಿ ಬಾಕಿಯಿದೆ, ಯಾರ ಜೊತೆ ಮಾತು ಬಿಟ್ಟಿದ್ದೇನೆ, ಯಾರ ಬೆನ್ನ ಹಿಂದೆ ಏನು ಆಡಿದ್ದೇನೆ ಎಂದು ಪ್ರತಿಯೊಬ್ಬರೂ ಮೌನವಾಗಿ ಕೇಳಿಕೊಳ್ಳಲಿ, ಬಳಿಕ ಮನೆಗೆ ಹೋಗುವ ದಾರಿಯಲ್ಲಿ ಹೋಗಬೇಕಾದ ಬಾಗಿಲಿಗೆ ಹೋಗಲಿ. ಇದಕ್ಕೆ ಯಾವ ಸಮಿತಿಯ ಠರಾವೂ ಬೇಕಿಲ್ಲ. ಪ್ರಶ್ನೆ ಕೇಳಿದ ಆ ಓದುಗರು ಕ್ರೈಸ್ತರಾಗಿರಲಿಕ್ಕಿಲ್ಲ. ಆದರೆ ನಮ್ಮ ಸಭೆಯವರೊಬ್ಬರ ಅಂಗಡಿಯಲ್ಲಿಯೋ ಹೊಲದಲ್ಲಿಯೋ ಅವರಿಗೂ ವ್ಯವಹಾರವಿದ್ದೀತು, ಅವರು ಕೇಳಿದ್ದು ಆ ಕಾರಣಕ್ಕೆ ನ್ಯಾಯವಾದ ಪ್ರಶ್ನೆ.

ನಮ್ಮ ಗುರುವಾರದ ಓದು ಈಗ ಆಮೋಸನ ಪುಸ್ತಕಕ್ಕೆ ಬಂದಿದೆ. ಬರುವ ವಾರ 8ನೆಯ ಅಧ್ಯಾಯ. ಅಳತೆಯನ್ನು ಕಿರಿದು ಮಾಡಿ, ತೂಕದ ಕಲ್ಲನ್ನು ಹಿರಿದು ಮಾಡಿ, ಕೆಲಸ ನಿಲ್ಲಿಸುವ ಸಬ್ಬತ್ ದಿನ ಯಾವಾಗ ಮುಗಿದೀತು, ಧಾನ್ಯ ಯಾವಾಗ ಮಾರೇವು ಎಂದು ಕಾಯುವ ವರ್ತಕರ ವಿಷಯ ಅದರಲ್ಲಿದೆ. ನಮ್ಮಲ್ಲಿ ಇಬ್ಬರು ಅಂಗಡಿಕಾರರಿದ್ದಾರೆ. ಆ ಅಧ್ಯಾಯವನ್ನು ತಮ್ಮ ಮನೆಯಲ್ಲಿಯೇ ಓದಬೇಕೆಂದು ಇಬ್ಬರೂ ಕೇಳಿಕೊಂಡಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ
ಬೆಟಗೇರಿ, ಗದಗ