ನೋಟೀಸಿಗೆ ಉತ್ತರ ಬರೆಯುವ ಮುಂಚೆ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಆಫೀಸಿನಿಂದ ನೋಟೀಸು ಬಂದ ವಿಷಯ ನಿಮ್ಮಮ್ಮ ಹೇಳಿದಳು. ಮೀಟಿಂಗಿನಲ್ಲಿ ನೀನು ಓವರ್‌ಟೈಮ್ ಬಾಕಿ ಕೇಳಿದ್ದನ್ನು, ಕೆಲಸ ನಿಲ್ಲಿಸಿ ಅಂದೆ ಅಂತ ತಿರುಚಿ ಬರೆದಿದ್ದಾರಂತೆ. ನಾನು ಬಾಯೇ ಬಿಟ್ಟಿಲ್ಲ ಅಂತ ಬರೆದುಕೊಡಲು ಹೊರಟಿದ್ದೀಯಂತೆ. ಸ್ವಲ್ಪ ತಡಿ.

ಗೋರಖಪುರದಲ್ಲಿ ನೆಹರೂ ವಿಚಾರಣೆ ನಡೆದದ್ದು ಗೊತ್ತಲ್ವಾ? 1940ರ ಮಾತು. ನಮ್ಮವರನ್ನು ಒಂದು ಮಾತೂ ಕೇಳದೆ ವೈಸರಾಯ್ ಭಾರತವನ್ನು ಯುದ್ಧಕ್ಕೆ ಎಳೆದಿದ್ದರು. ನೆಹರೂಗೆ ಹಿಟ್ಲರನ ಮೇಲೇನೂ ಪ್ರೀತಿ ಇರಲಿಲ್ಲ. ಸಿಟ್ಟು ಇದ್ದದ್ದು ಈ ಯಜಮಾನಿಕೆಯ ಮೇಲೆ. ಒಬ್ಬೊಬ್ಬರೇ ಯುದ್ಧದ ವಿರುದ್ಧ ಮಾತಾಡಿ ಜೈಲಿಗೆ ಹೋಗುವ ಗಾಂಧೀಜಿಯ ವೈಯಕ್ತಿಕ ಸತ್ಯಾಗ್ರಹದಲ್ಲಿ ಮೊದಲು ವಿನೋಬಾ ಭಾವೆ, ಆಮೇಲೆ ನೆಹರೂ ಅಂತ ತೀರ್ಮಾನವಾಗಿತ್ತು. ಸರ್ಕಾರ ಅಲ್ಲಿವರೆಗೆ ಕಾಯಲಿಲ್ಲ. ಅಕ್ಟೋಬರ್ 31ರಂದು, ವಾರ್ಧಾದಿಂದ ವಾಪಸ್ ಬರುವಾಗ, ಅಲಹಾಬಾದ್ ಹತ್ತಿರದ ಛಿವ್ಕಿ ಸ್ಟೇಷನ್ನಿನಲ್ಲೇ ಹಿಡಿಯಿತು. ಅದೇ ತಿಂಗಳು ಗೋರಖಪುರ ಜಿಲ್ಲೆಯಲ್ಲಿ ಮಾಡಿದ್ದ ಮೂರು ಭಾಷಣಗಳೇ ಅಪರಾಧ. ವಿಚಾರಣೆಯೂ ಜೈಲಿನೊಳಗೇ.

ನೀವು ಶಿಕ್ಷಿಸಲು ಹೊರಟಿರುವುದು ನನ್ನೊಬ್ಬನನ್ನಲ್ಲ, ಭಾರತದ ಕೋಟಿ ಕೋಟಿ ಜನರನ್ನು ಅಂತ ಅವರು ಮ್ಯಾಜಿಸ್ಟ್ರೇಟರಿಗೆ ಹೇಳಿದ್ದನ್ನೇ ಎಲ್ಲರೂ ಎತ್ತಿ ಆಡುತ್ತಾರೆ. ನನಗೆ ಹಿಡಿಸಿದ್ದು ಅದೇ ಹೇಳಿಕೆಯ ಇನ್ನೊಂದು ಭಾಗ. ತಮ್ಮ ಭಾಷಣದ ವರದಿಗಳನ್ನು ಓದಿ, ಇವು ಅರೆಬರೆಯಾಗಿವೆ, ಎಷ್ಟೋ ಕಡೆ ಅರ್ಥವೇ ಆಗುವುದಿಲ್ಲ, ನಾನು ಹೇಳಿದ್ದು ಹೀಗಲ್ಲ ಅಂದರು. ಬರೆಯುವ ಮನುಷ್ಯ, ಮಾತು ಕೆಡಿಸಿದ್ದನ್ನು ಹೇಗೆ ಸಹಿಸ್ತಾರೆ? ಆದರೆ ಆ ತಪ್ಪುಗಳನ್ನು ಹಿಡಿದುಕೊಂಡು ನುಣುಚಿಕೊಳ್ಳಲು ನೋಡಲಿಲ್ಲ. ಯುದ್ಧದ ಬಗ್ಗೆ ತಮ್ಮ ನಿಲುವನ್ನು ತಾವೇ ನೇರವಾಗಿ ಹೇಳಿದರು. ಸಿಕ್ಕಿದ್ದು ನಾಲ್ಕು ವರ್ಷ ಕಠಿಣ ಸಜೆ. ವಿನೋಬಾಗೆ ಮೂರೇ ತಿಂಗಳು! ಯಾವ ಲೆಕ್ಕವೋ ಏನೋ. 1941ರ ಡಿಸೆಂಬರಿನಲ್ಲಿ ಬಿಟ್ಟರು ಅನ್ನೋದು ಬೇರೆ ಮಾತು.

ನಿನ್ನನ್ನು ಯಾರೂ ಜೈಲಿಗೆ ಹಾಕಲ್ಲ, ಸುಮ್ನೆ ಹೆದರಬೇಡ. ಓವರ್‌ಟೈಮ್ ಬಾಕಿ ಕೇಳಿದ್ದು ನಿಜ ತಾನೇ? ಕೇಳಿದೆ ಅಂತಲೇ ಬರೆ, ಯಾಕೆ ಕೇಳಿದೆ ಅನ್ನೋದನ್ನೂ ಬರೆ. ಕೆಲಸ ನಿಲ್ಲಿಸಿ ಅಂತ ನೀನು ಹೇಳಿಲ್ಲವಾದರೆ ಆ ಸಾಲು ತಪ್ಪು ಅಂತ ಬೇರೆಯಾಗಿ ಹೇಳು. ಬರೆದುಕೊಂಡವನನ್ನು ಬೈಯಲು ಹೋಗಬೇಡ, ಪಾಪ, ಅವನಿಗೆ ಯಾರು ಏನು ಹೇಳಿದ್ದರೋ. ಮೀಟಿಂಗಿನ ನಡಾವಳಿಯ ಪ್ರತಿ ಕೊಟ್ಟಿಲ್ಲದಿದ್ದರೆ ಮೊದಲು ಅದನ್ನು ಕೇಳಿ ತಗೋ. ಅದನ್ನು ಓದದೆ ಒಂದಕ್ಷರವೂ ಬರೆಯಬೇಡ. ಉತ್ತರ ಕೊಟ್ಟಾಗ ನಿನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೋ.

ಕರಡನ್ನು ನನಗೊಮ್ಮೆ ವಾಟ್ಸಾಪ್ ಮಾಡು. ಜಾಸ್ತಿ ಉದ್ದ ಬೇಡ, ಒಂದು ಪುಟ ಸಾಕು.

ಇಂತಿ ನಿನ್ನ
ಸೋದರಮಾವ