ಶುಗರ್ ಬಿಲ್ ಪಾಸ್, ಮನಸ್ಸಿನ ಬಿಲ್ ವಾಪಸ್

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ಕಂಪನಿ

ವಿಷಯ: ನನ್ನ ಗಂಡನ ಮನೋರೋಗ ಚಿಕಿತ್ಸೆಯ ಓಪಿಡಿ (ಅಡ್ಮಿಟ್ ಆಗದೆ ಹೊರರೋಗಿಯಾಗಿ ತೋರಿಸಿದ) ಬಿಲ್‌ಗಳನ್ನು ತಿರಸ್ಕರಿಸಿರುವ ಬಗ್ಗೆ

ಮಾನ್ಯರೇ,

ನಾನು ಮಂಡ್ಯದವಳು. ನನಗೆ, ನನ್ನ ಗಂಡನಿಗೆ, ಮಗಳಿಗೆ ಮತ್ತು ಅತ್ತೆಗೆ ಸೇರಿ ನಿಮ್ಮಲ್ಲಿ ಫ್ಯಾಮಿಲಿ ಪಾಲಿಸಿ ಇದೆ. ಕಳೆದ ರಿನೀವಲ್‌ನಲ್ಲಿ ಜಾಸ್ತಿ ದುಡ್ಡು ಕಟ್ಟಿ ಓಪಿಡಿ ಸೌಲಭ್ಯವನ್ನೂ ಸೇರಿಸಿಕೊಂಡೆವು. ವರ್ಷಕ್ಕೆ 20,000 ರೂಪಾಯಿವರೆಗೆ ಡಾಕ್ಟರ್ ಫೀಸು, ಮಾತ್ರೆ, ಟೆಸ್ಟು ಎಲ್ಲಾ ಬರುತ್ತೆ ಅಂತ ನಿಮ್ಮ ಏಜೆಂಟರು ಮನೆಗೇ ಬಂದು ಹೇಳಿದ್ದರು. ನಾವು ಅದನ್ನು ತೆಗೆದುಕೊಂಡದ್ದೇ ನನ್ನ ಗಂಡನ ಚಿಕಿತ್ಸೆಗಾಗಿ. ಅವರಿಗೆ ಏನು ಕಾಯಿಲೆ ಅಂತ ಏಜೆಂಟರಿಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು.

ನಿಮಗೆ ಗೊತ್ತಿತ್ತು ಅಂತ ಯಾಕೆ ಹೇಳುತ್ತೇನೆ ಅಂದರೆ, ಅವರಿಗೆ ಬೈಪೋಲಾರ್ ಅನ್ನುವ, ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ ಇದೆ ಅಂತ ಮೊದಲು ಗೊತ್ತಾದದ್ದೇ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದಾಗ. ಆಗ ನಮ್ಮ ಪಾಲಿಸಿ ಚಾಲ್ತಿಯಲ್ಲಿತ್ತು. ಆ ಬಿಲ್ಲನ್ನು ನೀವು ಕ್ಯಾಶ್‌ಲೆಸ್‌ನಲ್ಲೇ ಕಟ್ಟಿದಿರಿ. ಡಿಸ್ಚಾರ್ಜ್ ಆದ ಮೇಲಿನ 60 ದಿನಗಳ ಮಾತ್ರೆ ದುಡ್ಡನ್ನೂ ಕೊಟ್ಟಿರಿ. ಅದಕ್ಕೆ ನಿಮಗೆ ಧನ್ಯವಾದ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ದುಡ್ಡಿನ ಯೋಚನೆ ಇಲ್ಲದ್ದರಿಂದ ನಾನು ಅವರ ಜೊತೆ ಕೂರಲು ಆಯಿತು. ಹಾಗಾದರೆ 61ನೇ ದಿನ ಆ ಕಾಯಿಲೆ ಎಲ್ಲಿಗೆ ಹೋಯಿತು?

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ನಾಲ್ಕು ತಿಂಗಳಲ್ಲಿ ನಾವು ಕಳಿಸಿದ ಬಿಲ್‌ಗಳಲ್ಲಿ ಅತ್ತೆಯ ಶುಗರ್ ಡಾಕ್ಟರ್ ಫೀಸು, ಮೆಟ್‌ಫಾರ್ಮಿನ್ ಮಾತ್ರೆ, ಎಚ್‌ಬಿಎ1ಸಿ ಟೆಸ್ಟು ಎಲ್ಲವೂ ಪಾಸ್ ಆಗಿವೆ. ನನ್ನ ಗಂಡನ 11,840 ರೂಪಾಯಿಯ ಬಿಲ್‌ಗಳು ವಾಪಸ್ ಬಂದಿವೆ. ಕಾರಣ ಅಂತ ಒಂದೇ ಸಾಲು: ‘ಮಾನಸಿಕ ಕಾಯಿಲೆಯ ಹೊರರೋಗಿ ಚಿಕಿತ್ಸೆ ಈ ಸೌಲಭ್ಯದಲ್ಲಿ ಸೇರಿಲ್ಲ.’ ಒಂದೇ ಪಾಲಿಸಿ, ಒಂದೇ ಸೌಲಭ್ಯ, ಒಂದೇ ಮೆಡಿಕಲ್ ಸ್ಟೋರ್. ಆದರೂ ಅತ್ತೆಯದು ಬಂತು, ಮಗನದು ಬರಲಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಲ್ಯಾಬ್ ಬಿಲ್ಲು. ನನ್ನ ಗಂಡ ಈ ಕಾಯಿಲೆಗೆ ಲೀಥಿಯಂ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಮಾತ್ರೆ ರಕ್ತದಲ್ಲಿ ಕಡಿಮೆಯಾದರೆ ಕೆಲಸ ಮಾಡಲ್ಲ, ಸ್ವಲ್ಪ ಜಾಸ್ತಿಯಾದರೂ ವಿಷವಾಗುತ್ತದೆ. ಆದ್ದರಿಂದ ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಲೇಬೇಕು. ರಾತ್ರಿ ಮಾತ್ರೆ ನುಂಗಿ ಸುಮಾರು 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ಲೀಥಿಯಂನಿಂದ ಥೈರಾಯ್ಡ್ ಮತ್ತು ಕಿಡ್ನಿಗೆ ತೊಂದರೆ ಆಗಬಹುದು ಅಂತ ಅವನ್ನೂ ಜೊತೆಗೇ ನೋಡುತ್ತಾರೆ. ಮೂರೂ ಟೆಸ್ಟು ಒಂದೇ ಚೀಟಿಯಲ್ಲಿ, ಒಂದೇ ಡಾಕ್ಟರ್ ಬರೆದದ್ದು, ಒಂದೇ ಸಲ ತೆಗೆದ ರಕ್ತ. ನಿಮ್ಮವರು ಥೈರಾಯ್ಡ್ ಟೆಸ್ಟಿಗೆ ದುಡ್ಡು ಕೊಟ್ಟಿದ್ದಾರೆ. ಕಿಡ್ನಿ ನೋಡುವ ಕ್ರಿಯಾಟಿನಿನ್ ಟೆಸ್ಟಿಗೂ ಕೊಟ್ಟಿದ್ದಾರೆ. ಲೀಥಿಯಂ ಮಟ್ಟದ ಟೆಸ್ಟನ್ನು ಮಾತ್ರ ಹೊಡೆದು ಹಾಕಿದ್ದಾರೆ. ಅಂದರೆ ಮಾತ್ರೆಯಿಂದ ಕಿಡ್ನಿ ಹಾಳಾಗಿದೆಯಾ ಅಂತ ನೋಡಲು ನಿಮ್ಮ ದುಡ್ಡು ಬರುತ್ತದೆ. ಹಾಳಾಗದ ಹಾಗೆ ಮಾತ್ರೆಯ ಪ್ರಮಾಣ ಸರಿಯಿದೆಯಾ ಅಂತ ನೋಡಲು ಬರಲ್ಲ. ಬಿಲ್ ಪರಿಶೀಲಿಸಿದವರು ಇದನ್ನು ಒಮ್ಮೆ ಓದಿ ನೋಡಿದ್ದಾರಾ?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಅವರು ಹೇಳಿದ್ದು ಇದು: ‘ಅಡ್ಮಿಟ್ ಆದರೆ ಕ್ಲೇಮ್ ಬರುತ್ತೆ ಮೇಡಂ.’ ನಾನು ಸ್ವಲ್ಪ ಹೊತ್ತು ಸುಮ್ನಿದ್ದೆ. ನಾವು ತಿಂಗಳು ತಿಂಗಳು ಡಾಕ್ಟರ ಹತ್ತಿರ ಹೋಗುವುದು, ರಾತ್ರಿ ಮಾತ್ರೆ ತಪ್ಪಿಸದೆ ಇರುವುದು, ಬೇಸಿಗೆಯಲ್ಲಿ ನೀರು ಕುಡಿದರಾ ಅಂತ ನಾನು ಕೇಳುತ್ತಲೇ ಇರುವುದು, ಇದೆಲ್ಲ ಮತ್ತೆ ಅಡ್ಮಿಟ್ ಆಗಬಾರದು ಅಂತಲೇ ಅಲ್ವಾ? ಅಡ್ಮಿಟ್ ಆದರೆ ನಿಮಗೂ ಖರ್ಚು ಜಾಸ್ತಿ. ಲೆಕ್ಕ ಗೊತ್ತಿರುವ ಕಂಪನಿ ಮಾಡುವ ಕೆಲಸವಲ್ಲ ಇದು.

ನಮ್ಮ ಖರ್ಚು ಹೀಗಿದೆ. ಡಾಕ್ಟರ್ ಫೀಸು 700 ರೂಪಾಯಿ. ಮಾತ್ರೆಗಳಿಗೆ ತಿಂಗಳಿಗೆ ಹತ್ತಿರ ಹತ್ತಿರ 1,800. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ 1,500ರ ಸುಮಾರು. ಲೀಥಿಯಂ ಅಷ್ಟೇನೂ ದುಬಾರಿ ಮಾತ್ರೆ ಅಲ್ಲ, ಜೊತೆಗಿರುವ ಬೇರೆ ಮಾತ್ರೆಗಳದ್ದೇ ಭಾರ. ಜನೌಷಧಿ ಅಂಗಡಿಯಲ್ಲಿ ಸಿಗುವುದನ್ನು ಅಲ್ಲೇ ತರುತ್ತೇನೆ, ಎಲ್ಲವೂ ಎಲ್ಲಾ ತಿಂಗಳೂ ಸಿಗಲ್ಲ. ಮಂಡ್ಯದಿಂದ ಮೈಸೂರಿಗೆ ಹೋಗಿ ಬರುವ ಖರ್ಚು, ಆ ದಿನ ನಮ್ಮ ಅಂಗಡಿ ಬಾಗಿಲು ಹಾಕುವ ನಷ್ಟ, ಇವನ್ನು ನಾನು ನಿಮ್ಮನ್ನು ಕೇಳುತ್ತಿಲ್ಲ. ನೀವು 20,000 ಪೂರ್ತಿ ಕೊಟ್ಟರೂ ವರ್ಷಕ್ಕೆ ಸಾಲಲ್ಲ. ಆದರೆ ಒಪ್ಪಿಕೊಂಡದ್ದನ್ನಾದರೂ ಕೊಡಿ ಅನ್ನುತ್ತಿದ್ದೇನೆ.

ದುಡ್ಡು ವಾಪಸ್ ಬರಲ್ಲ ಅಂತ ಗೊತ್ತಾದ ಮೇಲೆ ನನ್ನ ಗಂಡ ನನಗೆ ಹೇಳದೆ ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳಲು ಶುರು ಮಾಡಿದ್ದರು. ಸ್ಟ್ರಿಪ್ಪು ಖಾಲಿಯಾಗದೆ ಉಳಿದದ್ದು ನೋಡಿ ನನಗೆ ಗೊತ್ತಾಯಿತು. ‘ಮಗಳ ಫೀಸು ಕಟ್ಟೋದಿದೆಯಲ್ಲ’ ಅಂದರು. ಲೀಥಿಯಂ ಹೀಗೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ ಅಂತ ಡಾಕ್ಟರು ಅವರಿಗೂ ನನಗೂ ಮತ್ತೆ ಕೂರಿಸಿ ಹೇಳಬೇಕಾಯಿತು. ಅತ್ತೆಯ ಶುಗರ್ ಮಾತ್ರೆಯನ್ನು ನಮ್ಮ ಮನೆಯಲ್ಲಿ ಯಾರೂ ಹೀಗೆ ಉಳಿಸಲು ಹೋಗಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗಬಹುದಲ್ಲ ಅಂತ ನಿಮ್ಮ ಶಾಖೆಯಲ್ಲಿ ಒಬ್ಬರು ಸಲಹೆ ಕೊಟ್ಟರು. ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ನಮ್ಮ ಪಕ್ಕದ ಬೀದಿಯವರೇ ಅಲ್ಲಿ ತೋರಿಸಿ ಚೆನ್ನಾಗಿದ್ದಾರೆ. ಅವುಗಳ ಬಗ್ಗೆ ನನ್ನದೇನೂ ದೂರಿಲ್ಲ. ಆದರೆ ಪ್ರೀಮಿಯಂ ತೆಗೆದುಕೊಂಡವರು ಈ ಸಲಹೆ ಕೊಡುವುದು ಸರಿಯಲ್ಲ. ಅತ್ತೆಗೆ ಯಾಕೆ ಈ ಸಲಹೆ ಕೊಡಲಿಲ್ಲ?

ಕಾನೂನಿನ ಮಾತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರದು. 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 21ನೇ ಸೆಕ್ಷನ್ನಿನ 4ನೇ ಉಪವಿಭಾಗದ ಪ್ರಕಾರ, ದೇಹದ ಕಾಯಿಲೆಯ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಕೊಡಬೇಕು. 2018ರ ಆಗಸ್ಟ್‌ನಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಇದನ್ನು ಪಾಲಿಸಬೇಕು ಅಂತ ಎಲ್ಲಾ ವಿಮಾ ಕಂಪನಿಗಳಿಗೆ ಹೇಳಿತು. 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೇಳಿತು, ಆ ತಿಂಗಳ 31ರೊಳಗೆ ಪಾಲನೆ ಖಚಿತಪಡಿಸಿ ಅಂದಿತು. ನಡುವೆ 2021ರಲ್ಲಿ ದೆಹಲಿ ಹೈಕೋರ್ಟ್, ಮಾನಸಿಕ ಕಾಯಿಲೆ ಅಂತ ಕ್ಲೇಮ್ ತಿರಸ್ಕರಿಸಿದ್ದ ಒಂದು ವಿಮಾ ಕಂಪನಿಗೆ ಹಣ ಕೊಡಲು ಆದೇಶಿಸಿತು.

ಕಾಯಿದೆಯಲ್ಲಿ ಓಪಿಡಿ ಕೊಡಲೇಬೇಕು ಅಂತ ಇಲ್ಲ ಅಂತ ನೀವು ಹೇಳಬಹುದು. ನಿಜ, ಯಾರಿಗೂ ಕೊಡದಿದ್ದರೆ ನಾನು ಕೇಳುತ್ತಿರಲಿಲ್ಲ. ಶುಗರ್‌ಗೆ, ಬಿಪಿಗೆ, ಮಂಡಿ ನೋವಿಗೆ ಕೊಟ್ಟು ಬೈಪೋಲಾರ್‌ಗೆ ಇಲ್ಲ ಅಂದರೆ ಅದು ‘ಅದೇ ಆಧಾರ’ ಹೇಗಾಗುತ್ತದೆ? ನನ್ನ ದೂರೆಲ್ಲ ಇಷ್ಟೇ.

ಇನ್ನೊಂದು ವಿಷಯ. ಅತ್ತೆಯ ಕ್ಲೇಮಿಗೆ ಬಿಲ್ಲು ಮತ್ತು ಚೀಟಿ ಸಾಕಾಯಿತು. ನನ್ನ ಗಂಡನದಕ್ಕೆ ಡಾಕ್ಟರು ಬರೆದುಕೊಂಡ ಪೂರ್ತಿ ಟಿಪ್ಪಣಿ ಬೇಕು ಅಂದಿರಿ. ಮನೆಯಲ್ಲಿ ಜಗಳ ಇದೆಯಾ, ಕುಡಿಯುತ್ತಾರಾ ಅಂತೆಲ್ಲ ಪ್ರಶ್ನೆ ಕಳಿಸಿದಿರಿ. ಅದೇ ಕಾಯಿದೆಯ 23ನೇ ಸೆಕ್ಷನ್ನಿನಲ್ಲಿ ರೋಗಿಯ ಮಾಹಿತಿ ಗುಟ್ಟಾಗಿರಬೇಕು ಅನ್ನುವ ಹಕ್ಕಿದೆ. ಕ್ಲೇಮಿಗೆ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಬಿಲ್ಲಿನ ಮೊತ್ತ ಸಾಕು. ಡಾಕ್ಟರ ಮುಂದೆ ನನ್ನ ಗಂಡ ಏನು ಹೇಳಿಕೊಂಡರು ಅನ್ನುವುದು ನನಗೇ ಪೂರ್ತಿ ಗೊತ್ತಿಲ್ಲ. ನಿಮಗೆ ಯಾಕೆ?

ನಾನು ಕೇಳುವುದು ಇಷ್ಟು. ತಿರಸ್ಕರಿಸಿದ 11,840 ರೂಪಾಯಿ ಬಿಲ್‌ಗಳನ್ನು ಮತ್ತೆ ತೆಗೆದು ನೋಡಿ, ನಮ್ಮ ಓಪಿಡಿ ಮಿತಿಯೊಳಗೆ ಪಾವತಿಸಿ. ಕೊಡಲ್ಲ ಅನ್ನುವುದಾದರೆ, ಮಾನಸಿಕ ಕಾಯಿಲೆಯನ್ನು ಮಾತ್ರ ಹೊರಗಿಡುವ ಷರತ್ತು ಪಾಲಿಸಿಯ ಯಾವ ಪುಟದಲ್ಲಿದೆ, ಅದು 21ನೇ ಸೆಕ್ಷನ್ನಿಗೆ ಹೇಗೆ ಹೊಂದುತ್ತದೆ ಅಂತ ಬರಹದಲ್ಲಿ, ಕನ್ನಡದಲ್ಲಿ ತಿಳಿಸಿ. ಡಾಕ್ಟರ ಟಿಪ್ಪಣಿ ಕೇಳಿದ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮತ್ತು ಮುಂದಿನ ರಿನೀವಲ್‌ಗೆ ಮೊದಲು ಆ ಷರತ್ತನ್ನೇ ತೆಗೆದುಹಾಕಿ, ಯಾಕೆಂದರೆ ಮಂಡ್ಯದಲ್ಲಿ ಈ ಸೌಲಭ್ಯ ಕೊಂಡವಳು ನಾನೊಬ್ಬಳೇ ಅಲ್ಲ. ಬೇರೆಯವರು ಹೆಸರು ಹೊರಗೆ ಬರುತ್ತೆ ಅಂತ ಕ್ಲೇಮೇ ಹಾಕಿರಲಿಕ್ಕಿಲ್ಲ.

30 ದಿನಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ. ಅದಕ್ಕೆ ವಕೀಲರೂ ಬೇಡ, ಫೀಸೂ ಇಲ್ಲ.

ಎಲ್ಲಾ ಬಿಲ್‌ಗಳು, ಚೀಟಿಗಳು, ನಿಮ್ಮ ತಿರಸ್ಕಾರ ಪತ್ರ, ಅರ್ಧ ಪಾಸಾದ ಆ ಲ್ಯಾಬ್ ಬಿಲ್ಲಿನ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಏನಾದರೂ ಕೇಳುವುದಿದ್ದರೆ ನನ್ನ ಫೋನಿಗೆ ಮಾಡಿ. ದಯವಿಟ್ಟು ಅಂಗಡಿ ನಂಬರಿಗೆ ಮಾಡಬೇಡಿ, ಅಲ್ಲಿ ಗಿರಾಕಿಗಳು ನಿಂತಿರುತ್ತಾರೆ.

ಇಂತಿ,
ನಿಮ್ಮ ಪಾಲಿಸಿದಾರೆ,
ಮಂಡ್ಯ